ಅಕ್ಕಿ ಡಬ್ಬದಲ್ಲಿ ಫೋನ್

ರೀ,

ನಿನ್ನೆಯ ಒಬ್ಬಟ್ಟಿನ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ನನ್ನ ಫೋನ್ ಅಕ್ಕಿ ಡಬ್ಬದಲ್ಲಿದೆ. ಎಷ್ಟು ಬಡಿದುಕೊಂಡರೂ ಎತ್ತಬೇಡಿ.

ಹೋದ ಸಲ ಸೋಲೂರಿಗೆ ತಂಗಿಯ ಮನೆಗೆ ಹೊರಟಾಗ ಫೋನ್ ಆಫ್ ಆಗಿ, ತಪ್ಪು ಬಸ್ ಹತ್ತಿ ಯಾವುದೋ ಊರಲ್ಲಿ ಇಳಿದಿದ್ದೆ, ಇವತ್ತು ಮತ್ತೆ ಆ ಊರಿಗೇ ಹೋಗಬೇಕು. ಅವತ್ತೇ ಹೇಳಲು ಬಂದೆ, ನೀವು ಫೋನಿನಿಂದ ತಲೆ ಎತ್ತಲಿಲ್ಲ.

ಆ ಊರಲ್ಲಿ ದಾರಿ ಕೇಳಲು ಒಂದು ಮನೆಗೆ ಹೋದರೆ ಒಳಗೆ ನಾಮಕರಣ. ಅಜ್ಜಿಯೊಬ್ಬರು ಕೈ ಹಿಡಿದೆಳೆದು, "ನಮ್ಮ ಹೆಣ್ಮಗಳು ಮುನಿಸ್ಕಂಡು ಬಂದಿಲ್ಲ, ನೀವೇ ಸೋದರತ್ತೆ ಆಗಿ ಕೂಸಿನ ಕಿವೀಲಿ ಹೆಸರು ಹೇಳ್ಬುಡ್ರವ್ವ" ಅಂದರು. ಯಾವ ಹೆಸರೆಂದು ಯಾರೂ ಹೇಳಲಿಲ್ಲ. ಗಾಬರಿಯಲ್ಲಿ ನಿಮ್ಮದೇ ಬಾಯಿಗೆ ಬಂತು. ಮದುವೆಯಾದ ಮೇಲೆ ನಾನು ನಿಮ್ಮ ಹೆಸರು ಹೇಳಿದ್ದು ಅದೇ ಮೊದಲು. "ಬೋರಲಿಂಗಯ್ಯ ಅಂತೆ ಕಣ್ರೋ!" ಎಂದು ಅಜ್ಜಿ ಕುಣಿದಾಡಿಬಿಟ್ಟರು.

ಇವತ್ತು ಯುಗಾದಿಯ ಹೊಸತೊಡಕು, ಕೂಸಿಗೆ ಕಿವಿ ಚುಚ್ಚುತ್ತಾರೆ, ಅವತ್ತೇ ಕರೆದಿದ್ದಾರೆ. ಸೋದರತ್ತೆ ಇಲ್ಲದಿದ್ದರೆ ಆಗುತ್ತದೆಯೇ? ಊರಿನ ಹೆಸರು ಮಾತ್ರ ಗೊತ್ತಿಲ್ಲ. ಸೋದರತ್ತೆಯಾದವಳು ಇದು ಯಾವ ಊರು ಎಂದು ಹೇಗೆ ಕೇಳುವುದು? ಫೋನ್ ಜೊತೆಗಿದ್ದರೆ ದಾರಿ ತಪ್ಪುವುದಿಲ್ಲ, ನೇರ ಸೋಲೂರಿಗೇ ಹೋಗಿಬಿಡುತ್ತೇನೆ.

ಊಟ ಮುಗಿಸಿ ನೀವೂ ಬನ್ನಿ. ನಿಮ್ಮ ಫೋನನ್ನೂ ಅಕ್ಕಿಯಲ್ಲಿ ಹೂತಿಡಿ. ಸೋಲೂರು ಬಸ್ಸೊಂದನ್ನು ಬಿಟ್ಟು ಯಾವುದನ್ನಾದರೂ ಹತ್ತಿ. ಇಳಿದ ಕಡೆ ಆ ಕೂಸಿನ ಮನೆ ಎಲ್ಲಿ ಎಂದು ಹೆಸರು ಹಿಡಿದು ಕೇಳಿ. ಹೆಸರು ಹೇಳಲು ನಿಮಗೇನು ಅಡ್ಡಿ? ನಾನಾದರೆ ದಿನವಿಡೀ ಆ ಕೂಸನ್ನು "ರೀ" ಎಂದೇ ಕರೆಯಬೇಕು.