ಕುದಿಯುತ್ತಿದ್ದ ಪೆಟ್ರೋಲ್

ಗುರುವಾರ, ಮಾರ್ಚ್ ೧೪

ಗುಡ್ಡದ ಗಾಡಿ ಇಂದು ನಡುದಾರಿಯಲ್ಲಿ ನಿಲ್ಲಲಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ.

ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸುವ ಗಾಡಿ. ನಾಲ್ಕು ದಪ್ಪ ಚಕ್ರಗಳಿದ್ದರೂ ಏರು ಬಂದರೆ ಸಾಕು, ಅದು ಕೆಮ್ಮಿ ನಿಂತುಬಿಡುತ್ತಿತ್ತು. ಕಾಲಡಿಯಲ್ಲಿ ಪೆಟ್ರೋಲ್ ಗುಳುಗುಳು ಕುದಿಯುವ ಸದ್ದು. ಮಗ ಬೇಸತ್ತು ಮಾರಲು ಹೊರಟಿದ್ದ. ನಾಳೆ ಕೊಳ್ಳುವವನು ಬರುವವನಿದ್ದ. ಗಾಡಿ ಹೋದರೆ ಈ ಮೊಣಕಾಲುಗಳನ್ನು ನಂಬಿಕೊಂಡು ನಾನು ಗುಡ್ಡದ ಮೇಲಿನ ನನ್ನ ಜೇನುಪೆಟ್ಟಿಗೆಗಳನ್ನು ನೋಡಿದ ಹಾಗೆಯೇ!

ಬೆಳಿಗ್ಗೆ ಸೊಸೆ ಗಾಡಿಯ ಕೆಳಗೆ ತೂರಿಕೊಂಡವಳು ಅಲ್ಲಿಂದಲೇ ನಗತೊಡಗಿದಳು. "ಅತ್ತೆ, ನಿಮ್ಮ ಮಗ ಪೆಟ್ರೋಲ್ ಪೈಪನ್ನ ತಂತಿ ಸುತ್ತಿ ಸೈಲೆನ್ಸರ್‌ಗೇ ಕಟ್ಟಿದ್ದಾರೆ! ಎಷ್ಟು ಅಚ್ಚುಕಟ್ಟು ನೋಡಿ, ಗಂಟೂ ಕಾಣಲ್ಲ."

"ಜೋತಾಡ್ತಿತ್ತಮ್ಮ, ನೋಡೋಕೆ ಅಸಹ್ಯ," ಎಂದ ಮಗ.

"ಒಲೆ ಮೇಲೆ ಇಟ್ಟು ಕುದೀಬೇಡ ಅಂದ್ರೆ ಕೇಳತ್ತೇನೋ?" ಎಂದೆ ನಾನು.

"ಈ ಮನೇಲಿ ಏನೂ ಜೋತಾಡಬಾರದು ಅಂತ ಬೆಳೆಸಿದ್ದು ಯಾರು?"

ಅದಕ್ಕೆ ಉತ್ತರ ಕೊಡುವುದು ನನ್ನ ಗೌರವಕ್ಕೆ ತಕ್ಕದ್ದಲ್ಲ.

ಸೊಸೆ ಪೈಪನ್ನು ಆಚೆ ಬದಿಗೆ ಎಳೆದು, ನಡುವೆ ಒಂದು ತಗಡು ಅಡ್ಡ ಕೊಟ್ಟಳು. ಉರಿಬಿಸಿಲಿನಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ನಾನೇ ಗುಡ್ಡದ ಮೇಲಕ್ಕೆ ಓಡಿಸಿದೆ. ಕೊನೆಯ ಏರಿನಲ್ಲೂ ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಎಂಜಿನ್ ಆರಿಸಿದಾಗ ಜೇನಿನ ಗುಂಯ್‌ಗುಡುವಿಕೆ. ಎಷ್ಟು ದಿನವಾಗಿತ್ತು ಅದನ್ನು ಕೇಳಿ! ಅಲ್ಲಿಂದಲೇ ಕೊಳ್ಳುವವನಿಗೆ ಫೋನ್ ಮಾಡಿದೆ.

"ಗಾಡಿ ಮಾರಲ್ಲಪ್ಪ."

"ಯಾಕಮ್ಮ, ಬೇರೆ ಯಾರಾದರೂ ಜಾಸ್ತಿ ಕೊಟ್ರಾ?"

"ಓಡಿಸೋರು ಸಿಕ್ಕಿದ್ದಾರೆ."

ಇಳಿಯುವಾಗ ಸೊಸೆ ಹಿಂದೆ ಕೂತು, "ಅತ್ತೆ, ನಿಧಾನ!" ಎಂದು ಕಿರುಚುತ್ತಲೇ ಇದ್ದಳು. ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಅವಳಿಗೆ ಹೇಳಿದ್ದೇನೆ.

ಕೇಳಿಸಿತ್ತು.