ಪಟ್ಟಿಯಲ್ಲಿಲ್ಲದ ಒಂದು ಹಿಡಿ

ಜೂನ್ 29, ಭಾನುವಾರ. ತುಮಕೂರು

ಇವತ್ತೂ ಹತ್ತಕ್ಕೆ ಎದ್ದೆ. ಆಷಾಢಕ್ಕೆ ತವರಿಗೆ ಬಂದ ಮದುಮಗಳನ್ನು ಯಾರೂ ಎಬ್ಬಿಸುವುದಿಲ್ಲ — ಬೆಸ್ಟ್ ರೂಲ್ ಎವರ್! ಆದರೆ ಚೇತನ್ ಇಲ್ಲ. ಮಿಸ್ ಯೂ, ಮಿಸ್ ಯೂ, ಗಂಡಾ!

ಅತ್ತೆಯ ಹುಚ್ಚೆಳ್ಳು ಚಟ್ನಿಪುಡಿ ಇನ್ನು ಆನ್‌ಲೈನ್. ಐಡಿಯಾ ನನ್ನದೇ. ಅವರೂರು ಬರಗೂರಿನ ಅಕ್ಕಪಕ್ಕ, ಶಿರಾದ ಎರಡು ಅಂಗಡಿ... ಅಷ್ಟೇ ಸಾಕೇ? ವಾಟ್ಸಾಪ್ ಗ್ರೂಪ್ ಸಾಕು ಅಂದ ಚೇತನ್. ಅದರಲ್ಲಿ ಪಾರ್ಸೆಲ್ ಹಿಡಿದು ನಾವೇ ಅಲೆಯಬೇಕು. ಆ್ಯಪ್‌ನವರು ಕಮಿಷನ್ ತೆಗೆದುಕೊಂಡರೂ ಮನೆಗೇ ಬಂದು ಒಯ್ಯುತ್ತಾರೆ. ವಾದದಲ್ಲಿ ಗೆದ್ದೆ!

ಫೋನಿನಲ್ಲಿ ಅತ್ತೆ: "ಯಾರು ತಿಂತಾರೋ, ಅವ್ರ ಮಕಾನೇ ನೋಡ್ದಂಗೆ ಹೆಂಗಮ್ಮ ಮಾರದು?"

ನಕ್ಕುಬಿಟ್ಟೆ. ಸಾಮಾನು ಹೇಳಿಸಿ ಬರೆದುಕೊಂಡೆ. ಹುಚ್ಚೆಳ್ಳು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಕರಿಬೇವು, ಉಪ್ಪು. ಆರೇ ಆರು!

ಜುಲೈ 23, ಬುಧವಾರ

ಹದಿನೇಳು ಆರ್ಡರ್!! ಅಲ್ಲಿ ಅತ್ತೆ ಪ್ಯಾಕ್ ಮಾಡುತ್ತಾರೆ, ಚೇತನ್ ಲೇಬಲ್ ಅಂಟಿಸಿ ಫೋಟೋ ಕಳಿಸುತ್ತಾನೆ.

ಮಧುಗಿರಿಯ ಅನುಷಾ ಎಂಬವರ ಪ್ರಶ್ನೆ: ಮಗಳಿಗೆ ಆರು ವರ್ಷ, ಕಡಲೆಕಾಯಿ ಅಲರ್ಜಿ, ಒಮ್ಮೆ ಉಸಿರು ಕಟ್ಟಿ ಐಸಿಯು ಸೇರಿದ್ದಳು, ಇದರಲ್ಲಿ ಒಂದು ಚೂರೂ ಇಲ್ಲ ತಾನೇ? "ಖಂಡಿತ ಇಲ್ಲ ಮೇಡಂ, ನನ್ನ ಗ್ಯಾರಂಟಿ!" ಎಂದು ಎರಡು ಹಾರ್ಟ್ ಹಾಕಿದೆ. ಐದೇ ನಿಮಿಷಕ್ಕೆ ಆರ್ಡರ್.

ನಾಳೆ ಭೀಮನ ಅಮಾವಾಸ್ಯೆ. ಚೇತನ್‌ಗೆ ಪಾದಪೂಜೆಯಂತೆ. ನಗು ತಡೆಯುವುದು ಹೇಗೆ?!

ಜುಲೈ 28, ಸೋಮವಾರ. ಬರಗೂರು. ಬೆಳಿಗ್ಗೆ 10.20

ಆದದ್ದನ್ನು ಮೊದಲು ಬರೆದುಬಿಡುತ್ತೇನೆ.

ಅತ್ತೆ ಪುಡಿ ಮಾಡುವುದನ್ನು ಇವತ್ತೇ ಮೊದಲು ಪಕ್ಕದಲ್ಲಿ ಕೂತು ನೋಡಿದ್ದು. ಆರು ಸಾಮಾನೂ ಆಯಿತು. ಆಮೇಲೆ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಮಿಕ್ಸಿಗೆ ಸುರಿದರು.

"ಅತ್ತೆ, ಅದ್ಯಾಕೆ?"

"ನಮ್ ಹೊಲದ್ದು. ಏನು ಪುಡಿ ಮಾಡಿದ್ರೂ ಕೊನೇಗೊಂದು ಹಿಡಿ ಹೊಲದ ಬೆಳೆ ಹಾಕ್ಲೇಬೇಕು ಕಣಮ್ಮ. ನಮ್ಮತ್ತೆ ಕಾಲದಿಂದ್ಲೂ ಅಂಗೇಯ."

"ಫೋನಲ್ಲಿ ಹೇಳ್ಲೇ ಇಲ್ಲ!"

"ನೀನು ಸಾಮಾನು ಕೇಳ್ದೆ. ಇದೇನು ಅಂಗಡೀಲಿ ತಂದದ್ದಾ?"

10.45

ಅನುಷಾ ಅವರ ಆರ್ಡರ್ ತೆರೆದು ನೋಡಿದೆ: "ಪಾರ್ಸೆಲ್ ಮಧುಗಿರಿ ತಲುಪಿದೆ. ಇಂದು ಡೆಲಿವರಿ." ಕ್ಯಾನ್ಸಲ್ ಒತ್ತಿದರೆ ಏನೂ ಆಗುವುದಿಲ್ಲ. ಅವರ ನಂಬರ್ ಇರುವ ಕಡೆ ಬರೀ ನಕ್ಷತ್ರಗಳು. ಹೆಲ್ಪ್ ಚಾಟ್: 48 ಗಂಟೆ ಕಾಯಿರಿ. ಅವರ ಪ್ರಶ್ನೆಯ ಕೆಳಗೆ "ಮಗುವಿಗೆ ಕೊಡಬೇಡಿ" ಎಂದು ಬರೆದೆ. ಬದಲಿಸಿದ ಉತ್ತರ ಪರಿಶೀಲನೆಯಲ್ಲಿದೆಯಂತೆ! ಚೇತನ್‌ಗೆ ತಿರುಮಣಿ ಸೋಲಾರ್ ಪಾರ್ಕಿನಲ್ಲಿ ಡ್ಯೂಟಿ. ಫೋನ್ ಸ್ವಿಚ್ ಆಫ್.

ಆ ಮಗುವಿನ ಹೆಸರೂ ಗೊತ್ತಿಲ್ಲ.

12.30

ಅತ್ತೆಗೆ ಹೇಳಿದೆ. ಈಗ. ಎರಡು ಗಂಟೆಗೂ ಹೆಚ್ಚು ಮುಚ್ಚಿಟ್ಟೆ — ಹೊಸ ಸೊಸೆ ಮಾಡಿದ ಮೊದಲ ಕೆಲಸವೇ ಹೀಗೆ ಅನ್ನುತ್ತಾರೆ ಎಂಬ ಭಯಕ್ಕೆ. ಬರೀ ಅಷ್ಟಕ್ಕೆ.

"ಒಂದು ಹಿಡಿಗೆ ಉಸ್ರು ಕಟ್ಟುತ್ತಾ?"

"ಒಂದು ಚೂರು ಸಾಕು ಅತ್ತೆ."

ಅವರ ಮುಖದ ಬಣ್ಣವೇ ಹೋಯಿತು. "ಅಡ್ರೆಸ್ ಐತಾ?"

ಲೇಬಲ್ ಫೋಟೋದಲ್ಲಿದೆ. ತೋರಿಸಿದೆ.

"ಇಷ್ಟೊತ್ತು ಮೊಬೈಲು ಉಜ್ಜುತಾ ಕೂತಿದ್ದಾ? ಏಳು, ಚಪ್ಲಿ ಮೆಟ್ಟು!"

2.40. ಬಸ್. ಫೋನಿನಲ್ಲಿ ಬರೆಯುತ್ತಿದ್ದೇನೆ

ಶಿರಾದಲ್ಲಿ ಮಧುಗಿರಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಈಗ ಬಡವನಹಳ್ಳಿ. ಕಂಡಕ್ಟರ್ ಟೀಗೆ ಇಳಿದ.

ಡೆಲಿವರ್ಡ್. 2.31.

ಆಗಲೇ ರಿವ್ಯೂ ಬಂತು. ಐದು ಸ್ಟಾರ್. "ಏನ್ ಘಮ! ಮೂರೂವರೆಗೆ ಮಗಳು ಸ್ಕೂಲಿಂದ ಬರ್ತಾಳೆ. ಬಿಸಿ ದೋಸೆ ಜೊತೆ ಕೊಡ್ತೀನಿ. ಥ್ಯಾಂಕ್ಯೂ, ಇವಳಿಗೂ ಒಂದು ಚಟ್ನಿಪುಡಿ ಸಿಕ್ತು."

ನನ್ನ ಎಚ್ಚರಿಕೆ ಇನ್ನೂ ಪರಿಶೀಲನೆಯಲ್ಲೇ ಇದೆ, ರಿವ್ಯೂಗೆ ಉತ್ತರ ಬರೆಯಲು ಜಾಗವೇ ಇಲ್ಲ. ರಿವ್ಯೂ ಅತ್ತೆಗೆ ಓದಿ ಹೇಳಿದೆ. ಕಿಟಕಿಯಿಂದ ಅರ್ಧ ಹೊರಗೆ ಬಾಗಿದರು: "ಅಣ್ಣಾ, ನಿನ್ ಟೀ ಆಮೇಕ್ ಕುಡಿ! ಅಲ್ಲೊಂದು ಮಗು ಐತೆ!"

3.29

ಮಧುಗಿರಿ. ಆಟೋ. ಅತ್ತೆ ನನ್ನ ಕೈ ಹಿಡಿದಿದ್ದಾರೆ. ಅವರ ಉಗುರಿನಲ್ಲಿ ಇನ್ನೂ ಪುಡಿ. "ಮೊದ್ಲು ನಾನು ಮಾತಾಡ್ತೀನಿ, ಹಿಡಿ ನಂದು" ಅನ್ನುತ್ತಾರೆ. ಮಾತು ನನ್ನದಲ್ಲವೇ? ಗ್ಯಾರಂಟಿ ನನ್ನದಲ್ಲವೇ?

3.41

ಬೀದಿ ಸಿಕ್ಕಿತು. ಎದುರಿಗೆ ಸ್ಕೂಲ್ ವ್ಯಾನ್ ಬರುತ್ತಿದೆ... ಖಾಲಿ. ಯಾವುದೋ ಮನೆಯಿಂದ ದೋಸೆಯ ವಾಸನೆ. ಆಟೋ ನಿಲ್ಲುವ ಮೊದಲೇ ಅತ್ತೆ ಇಳಿದರು, ಚಪ್ಪಲಿ ಇಲ್ಲೇ ಬಿದ್ದಿದೆ, ಓಡುತ್ತಿದ್ದಾರೆ, ನಾನೂ