ಸುದು ಅಕ್ಕನ ಬಲಗೈ

ಗಂಪೊಲ
ಜೂನ್ ೧೧, ೨೦೧೮

ಪ್ರೀತಿಯ ತಮ್ಮ ಪೊಡ್ಡಾ,

ಹೇಗಿದ್ದೀಯ? ಹೊಟ್ಟೆಯ ಕೆಳಗಿನ ಗಂಟು ಹೇಗಿದೆ? ನೇರವಾಗಿ ಕೇಳಿದೆನೆಂದು ಮುಖ ಊದಿಸಿಕೊಳ್ಳಬೇಡ. ರೂಪಾ ಎಲ್ಲವನ್ನೂ ಹೇಳಿದ್ದಾಳೆ. ಹರ್ನಿಯಾ ಎರಡು ಸಲ ಸಿಕ್ಕಿಹಾಕಿಕೊಂಡು ನೀನು ನೆಲದ ಮೇಲೆ ಹೊರಳಾಡಿದ್ದು, ಮೂರನೆಯ ಸಲವಾದರೆ ಜೀವಕ್ಕೇ ಅಪಾಯ ಎಂದು ಟ್ರಿಂಕೋಮಲಿಯ ಡಾಕ್ಟರು ಎಚ್ಚರಿಸಿದ್ದು, ನೀನು "ಸತ್ರೂ ಸರಿ, ಆ ಮೇಜಿನ ಮೇಲೆ ಇನ್ನೊಂದ್ಸಲ ಮಲಗಲ್ಲ" ಎಂದು ಎದ್ದು ಬಂದದ್ದು, ಎಲ್ಲವನ್ನೂ. ಹೆಂಡತಿಯನ್ನು ಬೈಯಬೇಡ, ಪಾಪ, ಹೆದರಿಹೋಗಿದ್ದಾಳೆ. ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ ನೀನು ಅವಳ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಕಲ್ಲು ತುಂಬಿದ್ದ ನನ್ನ ಪಿತ್ತಕೋಶ ತೆಗೆದು ಇಂದಿಗೆ ಹನ್ನೆರಡು ದಿನ. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಗಾಯ, ಅಷ್ಟೇ. ಬೆಳಿಗ್ಗೆ ಸೊಪ್ಪಿನ ಗಂಜಿ, ಮಧ್ಯಾಹ್ನ ತೆಂಗಿನಹಾಲಿಲ್ಲದ ಸಾರು. ನಮ್ಮ ಮನೆಯಲ್ಲಿ ತೆಂಗಿನಹಾಲಿಲ್ಲದ ಸಾರು, ನೀನೇ ಹೇಳು! ಅದನ್ನು ಮಾಡುವುದು ನಿನ್ನ ಭಾವ. ಅವರ ಅಡುಗೆ ತಿಂದೂ ಚೇತರಿಸಿಕೊಂಡಿದ್ದೇನೆ ಎಂದರೆ ನನ್ನ ಆಯುಸ್ಸು ಗಟ್ಟಿಯಾಗಿದೆ ಎಂದೇ ಅರ್ಥ.

ಈಗ ನಡೆದದ್ದು ಕೇಳು. ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರ್ ಹಿಮಾಲಿ ನನ್ನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅವರದೊಂದು ಸಂಶೋಧನೆ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದರು. ಅರಿವಳಿಕೆ ಎಂದರೆ ಒಂದೇ ಮದ್ದು ಎಂದುಕೊಂಡಿದ್ದೆ. ಮೂರಂತೆ: ನಿದ್ದೆಗೊಂದು, ನೋವಿಗೊಂದು, ಮೈಕೈ ಸಡಿಲವಾಗಿ ಬಿದ್ದಿರಲೆಂದು ಇನ್ನೊಂದು. ನಿದ್ದೆಯ ಮದ್ದು ಎಲ್ಲಾದರೂ ಕಡಿಮೆಯಾದರೆ ರೋಗಿಗೆ ಎಚ್ಚರವಾಗಿಬಿಡಬಹುದು. ಆದರೆ ಮೂರನೆಯ ಮದ್ದಿನಿಂದಾಗಿ ಬೆರಳು ಅಲ್ಲಾಡಿಸಲೂ ಆಗದು, ಸುತ್ತ ನಿಂತವರಿಗೆ ತಿಳಿಯುವುದೂ ಇಲ್ಲ. ಅದನ್ನು ಪತ್ತೆಹಚ್ಚಲು ಇವರು ಬಲಗೈಗೆ ರಕ್ತದೊತ್ತಡ ನೋಡುವಂಥ ಪಟ್ಟಿ ಬಿಗಿದು, ಆ ಮದ್ದು ಅಂಗೈಗೆ ಇಳಿಯದಂತೆ ತಡೆಯುತ್ತಾರೆ. ಕಿವಿಗೆ ಹಾಕಿದ ಯಂತ್ರದಿಂದ ಒಂದು ದನಿ ಹೆಸರು ಹಿಡಿದು ಕರೆದು, ಎಚ್ಚರವಿದ್ದರೆ ಕೈ ಒತ್ತಿ ಎನ್ನುತ್ತದೆ. ನರ್ಸ್ ಒಬ್ಬಳು ಆ ಕೈಯನ್ನು ಹಿಡಿದುಕೊಂಡೇ ಇರುತ್ತಾಳೆ. ಇಷ್ಟು ಕೇಳುವಾಗ ನಿನ್ನ ಮುಖ ಕಣ್ಣ ಮುಂದೆ ಬಂತು, ಪೊಡ್ಡಾ. ಅದನ್ನು ನೊಣ ಓಡಿಸುವ ಹಾಗೆ ಓಡಿಸಿ, ರುಜು ಹಾಕಿದೆ.

ಹೆಸರು ಕೇಳಿದರು. ಗುರುತಿನ ಚೀಟಿಯಲ್ಲಿದ್ದ ಹಾಗೆ ಸುಮನಾವತಿ ಎಂದೆ. ಡಾಕ್ಟರ ಮುಂದೆ ಮತ್ತೇನು ಹೇಳಲಿ? ಸ್ಕೂಲು ಬಿಟ್ಟ ಮೇಲೆ ನನ್ನನ್ನು ಆ ಹೆಸರಿನಿಂದ ಕರೆದವರು ಓಟು ಹಾಕಿಸುವ ಅಧಿಕಾರಿಗಳು ಮಾತ್ರ. ಅಮ್ಮನಿಗೆ ಸುದು, ನಿನ್ನಿಂದ ಹಿಡಿದು ಮೀನು ಮಾರುವವನವರೆಗೆ ಮಿಕ್ಕವರಿಗೆಲ್ಲ ಸುದು ಅಕ್ಕ, ಅಂದರೆ ಬಿಳಿ ಅಕ್ಕ. ಹುಟ್ಟಿದ ಒಂದು ವಾರ ಬೆಳ್ಳಗಿದ್ದೆನಂತೆ. ಆಮೇಲಿನದು ನಿನಗೆ ಗೊತ್ತೇ ಇದೆ.

ಮುಂದಿನದನ್ನು ಹೇಳಿದವಳು ನನ್ನ ಕೈ ಹಿಡಿದಿದ್ದ ನರ್ಸ್ ಕುಸುಮ್. ಆಪರೇಷನ್ ಅರ್ಧ ಆಗಿದ್ದಾಗ, ನನ್ನ ಹಣೆಗೆ ಅಂಟಿಸಿದ್ದ ಪಟ್ಟಿಯಿಂದ ಪರದೆಯ ಮೇಲೆ ಮೂಡುವ ಅಂಕಿ ಏರತೊಡಗಿತಂತೆ. ಏರಿದರೆ ನಿದ್ದೆ ತಿಳಿಯಾಗುತ್ತಿದೆ ಎಂದು ಲೆಕ್ಕ, ಆದರೆ ಅದು ಸುಮ್ಮಸುಮ್ಮನೆ ಏರುವುದೂ ಉಂಟಂತೆ. ಕಿವಿಯಲ್ಲಿ ದನಿ ಸುಮನಾವತಿಯನ್ನು ಒಂದಲ್ಲ, ನಾಲ್ಕು ಸಲ ಕರೆಯಿತು. ನನ್ನ ಕೈ ಬಿದ್ದೇ ಇತ್ತು. ಉತ್ತರವಿಲ್ಲ ಎಂದು ಬರೆಯುವುದೊಂದು ಬಾಕಿ. ಆಗ ಕುಸುಮ್‌ಗೆ ಹಿಂದಿನ ಸಂಜೆ ವಾರ್ಡಿಗೆ ಬಂದ ನಮ್ಮ ಬೀದಿಯ ಜನವೆಲ್ಲ ನನ್ನನ್ನು ಬೇರೆ ಹೆಸರಿನಿಂದ ಕರೆದದ್ದು ನೆನಪಾಗಿ, ಡಾಕ್ಟರನ್ನು ಕೇಳಿ, ನನ್ನ ಕಿವಿಯ ಯಂತ್ರ ಸರಿಸಿ ಬಗ್ಗಿ ಹೇಳಿದಳಂತೆ: "ಸುದು ಅಕ್ಕಾ, ಎಚ್ಚರ ಇದ್ರೆ ಕೈ ಒತ್ತಿ." ಒತ್ತಿದೆನಂತೆ. "ಒತ್ತೋದು ಅಂದ್ರೆ ಹಾಗಾ ಅಕ್ಕಾ? ನನ್ನ ಬೆರಳು ಲಟಕ್ ಅಂತು! ತೆಂಗಿನಹಾಲು ಹಿಂಡಿ ಹಿಂಡಿ ಪಳಗಿದ ಕೈ, ನಂಗೇನು ಗೊತ್ತು!" ಎಂದು ನಕ್ಕಳು. ಡಾಕ್ಟರು ತಕ್ಷಣ ನಿದ್ದೆಯ ಮದ್ದು ಹೆಚ್ಚಿಸಿದರು, ಅಂಕಿ ಇಳಿಯಿತು. ಮತ್ತೆ ಸುದು ಅಕ್ಕಾ ಎಂದಾಗ ಕೈ ಆಡಲಿಲ್ಲ.

ನನಗೆ ಇದರಲ್ಲಿ ಒಂದಿಷ್ಟೂ ನೆನಪಿಲ್ಲ. ನೋವಿಲ್ಲ, ದನಿಯಿಲ್ಲ, ಏನೂ ಇಲ್ಲ. ಆದರೂ ಅಲ್ಲಿದ್ದವರೆಲ್ಲ ನಾನು ಎಚ್ಚರವಾಗಿದ್ದೆ ಎಂದು ನಂಬಿದರು, ಹಾಳೆಯಲ್ಲಿ ಬರೆದುಕೊಂಡರು. ಹನ್ನೊಂದು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆಸಿಕೊಂಡು ಬಂದ ನಿನಗೆ ಎಲ್ಲವೂ ನೆನಪಿತ್ತು. ಬಾಗಿಲ ಹತ್ತಿರ ನೀರು ಸುರಿಸುತ್ತಿರುವ ಕೊಡೆ ಯಾರದ್ದು ಎಂದು ಡಾಕ್ಟರುಗಳು ನಿನ್ನ ಹೊಟ್ಟೆ ಕೊಯ್ಯುತ್ತಲೇ ಜಗಳವಾಡಿದ್ದನ್ನು ಹೇಳುತ್ತ ನೀನು ನಡುಗುತ್ತಿದ್ದೆ. ಮೊದಲು ನಕ್ಕವಳು ನಾನು. ಅಲ್ಲಿಗೂ ಬಿಡಲಿಲ್ಲ. ಮಳೆ ಬಂದಾಗಲೆಲ್ಲ ಕೇಳಿದೆ. ಹೊಸವರ್ಷದ ಹಾಲನ್ನ, ಕಿರಿಬತ್ ಮುಂದೆ ಕೂತಾಗ, ಇಪ್ಪತ್ತು ಜನರೆದುರು, "ಪೊಡ್ಡಾ, ಆ ಕೊಡೆ ಯಾರದ್ದೂಂತ ಗೊತ್ತಾಯ್ತೇನೋ?" ಎಂದೆ. ನೀನು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟು ಎದ್ದು ಹೋದೆ. ಆಮೇಲೆ ನಾಲ್ಕು ಹೊಸವರ್ಷ ಕಳೆದವು, ನೀನು ಈ ಹೊಸ್ತಿಲು ತುಳಿದಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರ್ ಹಿಮಾಲಿಯವರಿಗೆ ನಿನ್ನ ಕಥೆ ಹೇಳಿದೆ. ಕೊಡೆಯ ಮಾತು ಬಂದಾಗ ನಗುತ್ತಾರೇನೋ ಎಂದು ಮುಖ ನೋಡಿದೆ. ಅವರು ನಗಲಿಲ್ಲ. ಪೆನ್ನು ತೆಗೆದು ಕೊಡೆ ಎಂದು ಬರೆದುಕೊಂಡರು. "ಇಂಥದ್ದು ಅಪರೂಪ, ಆದ್ರೆ ಆಗುತ್ತೆ. ಅವರು ಹೇಳಿದ್ದನ್ನ ಯಾರಾದ್ರೂ ನಂಬಿದ್ರಾ?" ಎಂದು ಕೇಳಿದರು. ಅರವತ್ತೆರಡನೆಯ ವಯಸ್ಸಿನಲ್ಲಿ ಮಗುವಿನ ಹಾಗೆ ಅತ್ತುಬಿಟ್ಟೆ, ಹೊಲಿಗೆ ಎಳೆಯಿತು. ಅತ್ತ ಮೇಲೆ ಎಷ್ಟು ಹಗುರವಾಯಿತು ಎಂದರೆ, ಕಲ್ಲು ತೆಗೆದದ್ದು ಆಗಲೇ ಅನ್ನಿಸಿತು. ಅವರ ನಮೂನೆಯಲ್ಲಿ ಈಗ ಹೊಸದೊಂದು ಸಾಲು ಸೇರಿದೆಯಂತೆ: ಮನೆಯಲ್ಲಿ ಕರೆಯುವ ಹೆಸರು.

ವಿಹಾರದಲ್ಲಿ ಭಿಕ್ಷುಗಳಿಂದ ರಕ್ಷೆಗೆಂದು ಕಟ್ಟಿಸಿಕೊಂಡ ಪಿರಿತ್ ದಾರ ಬಲಮಣಿಕಟ್ಟಿನಲ್ಲೇ ಇದೆ. ಕತ್ತರಿಸಲು ಬಿಡದಿದ್ದಕ್ಕೆ ಮೇಲೆ ಪ್ಲಾಸ್ಟರ್ ಅಂಟಿಸಿದ್ದರು. ನಿನಗೂ ಒಂದು ಎಳೆ ಇದರೊಳಗೆ ಇಟ್ಟಿದ್ದೇನೆ, ರೂಪಾಳ ಕೈಯಲ್ಲಿ ಕಟ್ಟಿಸಿಕೋ. ಭಾವ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಬುದ್ಧನ ಕರುಣೆ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ
ಸುದು ಅಕ್ಕ

ಮರೆತೆ: ಪೊಸೊನ್ ಹುಣ್ಣಿಮೆ ಕಳೆದು ಎರಡನೆಯ ದಿನಕ್ಕೆ ಇಲ್ಲಿಯ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ನಿನ್ನ ಹೆಸರು ಬರೆಸಿದ್ದೇನೆ, ಡಾಕ್ಟರ್ ಹಿಮಾಲಿಯವರೇ ಇರುತ್ತಾರೆ. ನೀನು ಒಪ್ಪಿದರೆ ಮಾತ್ರ. ಕರೆಯುವ ದನಿ ಮನೆಯವರದ್ದೇ ಆಗಬಹುದು ಎಂದರು, ನಿನ್ನೆ ಹೋಗಿ ಯಂತ್ರಕ್ಕೆ ನನ್ನ ದನಿ ತುಂಬಿಸಿ ಬಂದೆ. ನಾಲ್ಕು ಸಲ ತಪ್ಪಿತು, ಐದನೆಯದು ಸರಿಬಂತು: "ಪೊಡ್ಡಾ, ಅಕ್ಕ ಇಲ್ಲೇ ಇದೀನಿ. ಎಚ್ಚರ ಇದ್ರೆ ಕೈ ಒತ್ತು. ಈ ಸಲ ನಗಲ್ಲ." ಕೊನೆಯ ಮಾತು ಬೇಕಿಲ್ಲ, ಅಳಿಸಲೇ ಎಂದು ಕೇಳಿದರು. ಅದೊಂದು ಇರಲಿ ಎಂದೆ.